ಶೋಶಾಮ್ಮ ಚೇಡತ್ತಿಯ ಹಂದಿಮದ್ದು

ನಮ್ಮ ಪುಲಿಯನ್‌ಕುನ್ನಿನಲ್ಲಿ ಜೀವಮಾನದಲ್ಲಿ ಒಂದೂ ತಪ್ಪು ಮಾಡದವರು ಇಬ್ಬರೇ. ಒಬ್ಬರು ಇಗರ್ಜಿಯ ಶಿಲುಬೆಯ ಮೇಲಿದ್ದಾರೆ. ಇನ್ನೊಬ್ಬರು ಇಗರ್ಜಿಯಿಂದ ಕೆಳಗಿಳಿಯುವ ತಿರುವಿನಲ್ಲಿ, ಬಿಳಿ ಕುಪ್ಪಸ ತೊಟ್ಟು, ಹಿಂದೆ ಬೀಸಣಿಗೆಯಂತೆ ನೆರಿಗೆ ಬಿಟ್ಟ ಬಿಳಿ ಮುಂಡು ಉಟ್ಟು, ಸೌಟು ಹಿಡಿದು ನಿಂತಿರುತ್ತಿದ್ದರು. ಅವರೇ ಶೋಶಾಮ್ಮ, ಊರಿಗೆಲ್ಲ ಅಕ್ಕ ಅನ್ನಿಸಿಕೊಂಡ ಚೇಡತ್ತಿ.

ಇದು ನಾನು ಕಟ್ಟಿದ ಮಾತಲ್ಲ, ಅವರೇ ಹೇಳಿಕೊಂಡದ್ದು. ಒಮ್ಮೆ ಪಾಲಾ ಪೇಟೆಗೆ ಹೊರಟವರು ಬೇರೆ ಬಸ್ಸು ಹತ್ತಿ ಏಟ್ಟುಮಾನೂರಿನಲ್ಲಿ ಇಳಿದಿದ್ದರು. ಸಂಜೆ ನನ್ನ ಜೀಪಿನಲ್ಲಿ ವಾಪಸು ಬರುವಾಗ ಏನಾಯ್ತೆಂದು ಕೇಳಿದರೆ, "ಬಸ್ಸಿಗೆ ದಾರಿ ತಪ್ಪಿತು ಕಣೋ ವರ್ಕಿ" ಎಂದರು. ಬಿಷಪ್ಪರು ಊಟಕ್ಕೆ ಬಂದ ದಿನ ಮೀನು ಸಾರಿಗೆ ಎರಡು ಸಲ ಉಪ್ಪು ಬಿತ್ತು. "ಸಮುದ್ರದ ಮೀನು ತಂದೋನು ಅವಿರಾ, ನಾನೇನು ಮಾಡ್ಲಿ" ಎಂದು ಮಗನ ತಲೆಗೆ ಕಟ್ಟಿದರು. ಬಿಷಪ್ಪರು ಹೂಜಿ ಬರಿದು ಮಾಡಿ, ಆಶೀರ್ವಾದ ಕೊಟ್ಟು ಹೋದರು.

ಚೇಡತ್ತಿಯ ಗಂಡ ಇಟ್ಟಿ ಚೇಟ್ಟನ್ ಭಾನುವಾರದ ಪೂಜೆ ಮುಗಿದ ಮೇಲೆ ಇಗರ್ಜಿಯ ಕೆಳಗೆ ಹಂದಿ ಮಾಂಸ ಮಾರುತ್ತಿದ್ದ. ಹಾವು ಕಚ್ಚಿ ಆತ ತೀರಿಕೊಂಡಾಗ ಮಗ ಅವಿರಾ ಇನ್ನೂ ತೊಟ್ಟಿಲಲ್ಲಿದ್ದ. ನೆಂಟರು ತಲೆಗೊಂದು ಮಾತಾಡುತ್ತಿರುವಾಗಲೇ ಚೇಡತ್ತಿ ಮುಂಡಿನ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಗಂಡನ ಕತ್ತಿ ಹಿಡಿದು ಅಂಗಡಿಯಲ್ಲಿ ನಿಂತರು. ಹೆಂಗಸು ಹಂದಿ ಕೊಯ್ಯುವುದುಂಟೇ ಎಂದು ನಕ್ಕವರೆಲ್ಲ ಮುಂದಿನ ಭಾನುವಾರ ಅಲ್ಲೇ ಸಾಲಿನಲ್ಲಿ ನಿಂತಿದ್ದರು. ತೂಕದಲ್ಲಿ ಮೋಸವಿಲ್ಲ, ಮೂಳೆ ಕಮ್ಮಿ, ಮೇಲೆ ಒಂದು ಬೈಗುಳ ಪುಕ್ಕಟೆ. ಹಂದಿಯ ಒಳಗೆ ಯಾವುದು ಎಲ್ಲಿದೆ ಎಂದು ಅವರಿಗೆ ಕಣ್ಣು ಮುಚ್ಚಿದರೂ ಗೊತ್ತು. ಮನುಷ್ಯರ ಒಳಗೂ ಅಷ್ಟೇ ಇರುವುದು ಎಂಬುದು ಅವರ ಖಚಿತ ಅಭಿಪ್ರಾಯವಾಗಿತ್ತು.

ಅವಿರಾ ದೊಡ್ಡವನಾಗಿ ಕತ್ತಿ ಅವನ ಕೈಗೆ ಹೋಯಿತು, ಸೌಟು ಮಾತ್ರ ಚೇಡತ್ತಿಯ ಕೈಯಲ್ಲೇ ಉಳಿಯಿತು. ಅವಿರಾನ ಹೆಂಡತಿ ಲಿಸ್ಸಿ ಅಂಗನವಾಡಿ ಟೀಚರ್. ಪೌಷ್ಟಿಕ ಆಹಾರ ಎಂಬ ಮಾತನ್ನು ನಮ್ಮೂರಿಗೆ ತಂದವಳು ಅವಳೇ. ಅತ್ತೆ ಸೊಸೆಯ ಯುದ್ಧ ಕೇಳಲು ನಾನು ಎಷ್ಟೋ ಸಲ ಜೀಪಿನ ರೇಡಿಯೇಟರಿಗೆ ನೀರು ಬೇಕೆಂದು ಅವರ ಬಾವಿಯ ಹತ್ತಿರ ನಿಲ್ಲಿಸಿದ್ದುಂಟು.

"ಅಮ್ಮಚ್ಚೀ, ಇಷ್ಟು ಕೊಬ್ಬು ಮಕ್ಕಳಿಗೆ ಆಗಲ್ಲ. ಪುಸ್ತಕದಲ್ಲೇ ಇದೆ."

"ನಿನ್ನ ಗಂಡ ಪುಸ್ತಕ ತಿಂದು ಬೆಳೆದಿದ್ದಾ? ನೋಡು ಹೇಗಿದಾನೆ, ತೇಗದ ಮರ ಇದ್ದ ಹಾಗೆ."

"ಹೌದು, ಬುದ್ಧೀನೂ ಅದರ ಹಾಗೇ ಇದೆ."

ಈ ಇಬ್ಬರ ನಡುವೆ ಬೆಳೆದವಳು ಮೆರಿನ್. ಹತ್ತು ವರ್ಷದ ಹುಡುಗಿ, ಮೈಯೆಲ್ಲ ಕಣ್ಣು, ಬಾಯೆಲ್ಲ ಕೀಟಲೆ. ಪಾದ್ರಿ ಪ್ರಸಂಗದ ನಡುವೆ ಕೆಮ್ಮುವುದನ್ನು ಅವರಿಗಿಂತ ಚೆನ್ನಾಗಿ ಕೆಮ್ಮುತ್ತಿದ್ದಳು. ನನ್ನ ಜೀಪು ಏರು ಹತ್ತುವಾಗ ನರಳುವ ಸದ್ದನ್ನು ಮಾಡಿ ತೋರಿಸಿ ಊರನ್ನೇ ನಗಿಸುತ್ತಿದ್ದಳು, ನನ್ನೊಬ್ಬನನ್ನು ಬಿಟ್ಟು. ಚೇಡತ್ತಿಗೆ ಈ ಮೊಮ್ಮಗಳೆಂದರೆ ಪ್ರಾಣ. ಲೋಕದಲ್ಲಿ ಅವರಿಗಿದ್ದ ಆಸೆ ಒಂದೇ: ಆ ಹುಡುಗಿ ತನ್ನ ಕೈಯಡುಗೆ ಉಂಡು ದುಂಡಗಾಗಬೇಕು.

ಅದೇ ಆಗುತ್ತಿರಲಿಲ್ಲ. ಮೆರಿನ್ ತಿನ್ನುತ್ತಿದ್ದಳು, ದೊಡ್ಡವರ ಹಾಗೆ ತಿನ್ನುತ್ತಿದ್ದಳು, ಆದರೂ ಲಂಗ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಆಮೇಲೆ ಹೊಟ್ಟೆನೋವು ಬರತೊಡಗಿತು. ಹೊಕ್ಕುಳಿನ ಮೇಲೆ ಹಿಡಿದುಕೊಂಡು ಬೆನ್ನಿಗೆ ತಿವಿಯುವ ನೋವು. ಬಂದರೆ ಹುಡುಗಿ ತಲೆದಿಂಬು ತಬ್ಬಿ, ಮೊಣಕಾಲು ಎದೆಗೆ ಒತ್ತಿ, ಸಿಗಡಿಯ ಹಾಗೆ ಮುದುಡಿ ಕೂತುಬಿಡುವಳು. ಆಗ ಕೀಟಲೆಯಿಲ್ಲ, ಮಾತಿಲ್ಲ, ಬೆವರು ಮಾತ್ರ.

ಕಾರಣ ಹೇಳುವವರಿಗೇನು ಬರ. ವೈದ್ಯರು ಜಂತುಹುಳ ಎಂದು ಕಹಿ ಕುಡಿಸಿದರು. ಔಷಧಿ ಅಂಗಡಿಯವನು ಗ್ಯಾಸ್ ಎಂದು ಗುಲಾಬಿ ಬಣ್ಣದ ನೀರು ಕೊಟ್ಟ. ಶಾಲೆಯ ಸಿಸ್ಟರು, "ಪಾದ್ರಿ ಹಾಗೆ ಕೆಮ್ಮೋಳಿಗೆ ನೋವಿನ ನಾಟಕ ಏನು ಮಹಾ" ಎಂದುಬಿಟ್ಟರು. ಲಿಸ್ಸಿ ಅತ್ತೆಯ ಬಾಣಲೆಯತ್ತ ಬೆರಳು ತೋರಿಸಿದಳು. ಚೇಡತ್ತಿಯ ತೀರ್ಪು ಬೇರೆ: "ದೃಷ್ಟಿ. ಹಬ್ಬಕ್ಕೆ, ಮದುವೆಗೆ ಹೋದಾಗಲೇ ಬರುತ್ತೆ. ಜನ ಮಗೂನ ನೋಡಿ ಕಣ್ಣು ಹಾಕ್ತಾರೆ." ಆ ಕಡ್ಡಿಯಂಥ ಹುಡುಗಿಗೆ ಯಾರು ಕಣ್ಣು ಹಾಕುತ್ತಾರೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಆ ವರ್ಷದ ಈಸ್ಟರಿನ ದಿನ ಐವತ್ತು ದಿನದ ಉಪವಾಸದ ನೋಂಬು ಮುರಿದು ಊರೆಲ್ಲ ತಿಂದಿತು. ಮೆರಿನ್ನೂ ತಿಂದಳು. ಮಧ್ಯಾಹ್ನದ ಹೊತ್ತಿಗೆ ಅವಳ ಕಿರುಚಾಟ ನಮ್ಮ ಮನೆಯವರೆಗೆ ಕೇಳಿಸಿತು. ಅವಿರಾ ಅವಳನ್ನು ಎತ್ತಿಕೊಂಡು ಓಡಿ ಬಂದ. ಲಿಸ್ಸಿ, ಚೇಡತ್ತಿ ಹಿಂದೆ ಹತ್ತಿದರು. ನನ್ನ ಜೀಪು ಹುಟ್ಟಿದ ಮೇಲೆ ಅಷ್ಟು ವೇಗವಾಗಿ ಆ ಗುಡ್ಡ ಇಳಿದದ್ದು ಅದೇ ಮೊದಲು.

ಪಟ್ಟಣದ ಆಸ್ಪತ್ರೆಯಲ್ಲಿ ಸಿಕ್ಕಿದವರು ಮಕ್ಕಳ ಡಾಕ್ಟರ್ ಸತ್ಯಭಾಮಾ. ಕುಳ್ಳಗಿನ ಹೆಂಗಸು, ದಪ್ಪ ಕನ್ನಡಕ, ಸಿಡುಕು ಸ್ವಭಾವ. ಸೂಜಿ ಚುಚ್ಚಿ ನೋವು ಇಳಿಸಿ, ಮಗು ಮಲಗಿದ ಮೇಲೆ ವಿಚಾರಣೆಗೆ ಕೂತರು. ಬಾಗಿಲ ಹತ್ತಿರ ನಾನೂ ಇದ್ದೆ, ಹೋಗು ಎಂದು ಯಾರೂ ಹೇಳಲಿಲ್ಲ.

"ಈ ನೋವು ಯಾವಾಗ ಬರಲ್ಲ, ಅದನ್ನ ಹೇಳಿ" ಎಂದರು ಡಾಕ್ಟರು.

ಬರುವುದು ಯಾವಾಗ ಎಂದು ಎಲ್ಲರೂ ಕೇಳಿದ್ದರು. ಬರದಿರುವುದು ಯಾವಾಗ ಎಂದು ಕೇಳಿದವರು ಇವರೇ. ಲಿಸ್ಸಿ ಯೋಚಿಸುತ್ತಿರುವಾಗ ಚೇಡತ್ತಿ ಮುಂದೆ ಬಂದರು.

"ದೊಡ್ಡ ನೋಂಬಿಗೆ ಬರಲ್ಲ ಡಾಕ್ಟರೇ. ಮೀನಿಲ್ಲ, ಮಾಂಸ ಇಲ್ಲ, ಕರಿದಿದ್ದಿಲ್ಲ. ಗಂಜಿ, ಹೆಸರುಕಾಳು ಅಷ್ಟೇ. ಮಗು ಪ್ರಾರ್ಥನೆ ಮಾಡುತ್ತೆ, ಸಂತ ಗೀವರ್ಗೀಸ್ ಕಾಪಾಡ್ತಾನೆ."

ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಕೊಬ್ಬು ತಿನ್ನದಿದ್ದಾಗ ನೋವಿಲ್ಲ. ಸರಿ. ಕಕ್ಕಸು ಹೇಗೆ ಹೋಗ್ತಾಳೆ?"

ಲಿಸ್ಸಿ ನಾಚಿ ನೆಲ ನೋಡಿದಳು. ಚೇಡತ್ತಿಗೆ ಎಲ್ಲಿಯ ನಾಚಿಕೆ. "ಅಯ್ಯೋ, ಅದನ್ನೇನು ಕೇಳ್ತೀರಿ! ಮೀನು ಸಾರಿನ ಮೇಲೆ ತೆಂಗಿನೆಣ್ಣೆ ತೇಲುತ್ತಲ್ಲ, ಹಾಗೆ. ಬೆಳ್ಳಗೆ, ರಾಶಿ, ಎಷ್ಟು ನೀರು ಹೊಯ್ದ್ರೂ ಜಪ್ಪಯ್ಯ ಅನ್ನಲ್ಲ. ನಾತ ಅಂತೂ..."

"ಸಾಕು ಅಮ್ಮಚ್ಚೀ!" ಎಂದು ಲಿಸ್ಸಿ ಕಿರುಚಿದಳು.

"ಸಾಕಾಗಲ್ಲ, ಹೇಳಲಿ" ಎಂದರು ಡಾಕ್ಟರು. ಅವರ ಮುಖದಲ್ಲಿ ಮೊದಲ ಸಲ ನಗುವಿನಂಥದ್ದು ಕಾಣಿಸಿತು.

ಎಕ್ಸ್‌ರೇ ತೆಗೆಸಿದರು, ಸ್ಕ್ಯಾನ್ ಮಾಡಿಸಿದರು, ರಕ್ತದಲ್ಲಿ ಸಕ್ಕರೆ ಇದೆಯೇ ಎಂದು ನೋಡಿಸಿದರು. ಸಕ್ಕರೆ ಸದ್ಯಕ್ಕೆ ಸರಿಯಿತ್ತು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಾಗ ಬೆನ್ನೆಲುಬಿನ ಅಡ್ಡಕ್ಕೆ ಬಿಳಿ ಚುಕ್ಕೆಗಳು, ಯಾರೋ ಅಕ್ಕಿನುಚ್ಚು ಚೆಲ್ಲಿದ ಹಾಗೆ. "ಜಠರದ ಹಿಂದೆ ಮೇದೋಜೀರಕ ಗ್ರಂಥಿ ಅಂತ ಇರುತ್ತೆ" ಎಂದರು ಡಾಕ್ಟರು. "ತಿಂದಿದ್ದನ್ನ, ಅದರಲ್ಲೂ ಕೊಬ್ಬನ್ನ, ಕರಗಿಸೋ ರಸ ಅಲ್ಲಿಂದಲೇ ಬರಬೇಕು. ರಬ್ಬರ್ ಮರಕ್ಕೆ ಗೀರು ಹಾಕ್ತೀರಲ್ಲ, ಆ ಗೀರಿನಲ್ಲೇ ಹಾಲು ಹೆಪ್ಪುಗಟ್ಟಿದ್ರೆ ಚಿಪ್ಪಿಗೆ ಏನು ಬೀಳುತ್ತೆ? ಇವಳಿಗೆ ಬಹಳ ದಿನದಿಂದ ಗ್ರಂಥಿ ಊದಿ ಊದಿ, ನಾಳದಲ್ಲಿ ಕಲ್ಲು ಕಟ್ಟಿದೆ. ತಿಂದಿದ್ದು ಮೈಗೆ ಹತ್ತಲ್ಲ, ಹಾಗೇ ಹೊರಗೆ ಹೋಗುತ್ತೆ. ಇದು ನಾಟಕ ಅಲ್ಲ, ಹುಳಾನೂ ಅಲ್ಲ."

ಲಿಸ್ಸಿ ಅಳುತ್ತಲೇ, "ಮರಗೆಣಸು ತಿಂದ್ರೆ ಬರುತ್ತಂತಲ್ಲ ಈ ಕಾಯಿಲೆ, ಹೌದಾ?" ಎಂದು ಕೇಳಿ ಅತ್ತೆಯ ಕಡೆ ನೋಡಿದಳು. ಅಳುವಿನ ನಡುವೆಯೂ ಆ ನೋಟಕ್ಕೆ ಬಿಡುವಿತ್ತು.

"ಹಿಂದೆ ಹಾಗೆ ಅಂತಿದ್ರು. ಯಾರೂ ಸಾಬೀತು ಮಾಡಿಲ್ಲ. ಕೆಲವು ಮಕ್ಕಳು ಹುಟ್ಟುವಾಗಲೇ ಈ ತೊಂದರೆಯ ಬೀಜ ತಂದಿರ್ತಾರೆ."

"ಕೇಳಿಸ್ಕೊಂಡ್ಯಾ?" ಎಂದರು ಚೇಡತ್ತಿ. ಆ ಒಂದು ಮಾತಿಗೆ ಅವರ ಕತ್ತು ಒಂದು ಗೇಣು ಎತ್ತರವಾಯಿತು.

ಮದ್ದು ಗುಳಿಗೆ. ಪ್ರತಿ ಊಟದ ಜೊತೆ ನುಂಗಬೇಕು, ಅಗಿಯಬಾರದು, ಉಂಡಾಗಲೆಲ್ಲ ಬೇಕು. ಕರಿದದ್ದು, ಹಂದಿ ಕೊಬ್ಬು ದೂರ. ನೋವಿಗೆ ಬೇರೆ ಮಾತ್ರೆ. ಇಷ್ಟರಲ್ಲಿ ಇಳಿಯದಿದ್ದರೆ ಕಲ್ಲು ಒಡೆಸುವುದೋ, ಆಪರೇಷನ್ನೋ ಆಮೇಲೆ ನೋಡೋಣ ಎಂದ ಡಾಕ್ಟರು ಕೊನೆಗೆ ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಇನ್ನೊಂದು ವಿಷಯ. ಈ ಗುಳಿಗೆ ಮಾಡೋದು ಹಂದಿಯ ಅದೇ ಗ್ರಂಥಿಯಿಂದ. ಕೆಲವರಿಗೆ ಅಭ್ಯಂತರ ಇರುತ್ತೆ. ನಿಮಗೆ?"

ಅವಿರಾ ನಕ್ಕ ನಗುವಿಗೆ ಆಚೆ ಕೋಣೆಯ ನರ್ಸ್ ಇಣುಕಿ ನೋಡಿದಳು. ಚೇಡತ್ತಿ ಮಾತ್ರ ನಗಲಿಲ್ಲ. ಮನೆ ಮುಟ್ಟುವವರೆಗೂ ಜೀಪಿನಲ್ಲಿ ಒಂದು ಮಾತಿಲ್ಲ. ಆ ಮೌನಕ್ಕೆ ನಾನು ಹೆದರಬೇಕಿತ್ತು, ಏರಿನಲ್ಲಿ ಗೇರು ಬದಲಿಸುವ ಗಡಿಬಿಡಿಯಲ್ಲಿ ಗಮನಿಸಲಿಲ್ಲ.

ಗುಳಿಗೆ ಕೊಡುವ ಕೆಲಸ ಚೇಡತ್ತಿಗೇ ಬಂತು. ಲಿಸ್ಸಿ ಹಗಲೆಲ್ಲ ಅಂಗನವಾಡಿಯಲ್ಲಿ, ಬಡಿಸುವವರು ಇವರೇ. ಮಳೆಗಾಲ ಶುರುವಾಗುವ ಹೊತ್ತಿಗೆ ಮೆರಿನ್ನಳ ಕೆನ್ನೆ ತುಂಬಿತು. ಲಂಗ ನಿಂತಿತು. ನನ್ನ ಜೀಪಿನ ಅಣಕು ಮತ್ತೆ ಶುರುವಾಯಿತು, ಈಗ ಹೊಸದಾಗಿ ಬ್ರೇಕಿನ ಕೀರಲೂ ಸೇರಿತ್ತು. ಊರೆಲ್ಲ ಡಾಕ್ಟರನ್ನು ಹೊಗಳಿತು, ಗುಳಿಗೆಯನ್ನು ಹೊಗಳಿತು. ಪಾದ್ರಿ ಪ್ರಸಂಗದಲ್ಲಿ ವಿಜ್ಞಾನವೂ ದೇವರ ಕೊಡುಗೆ ಎಂದರು. ಚೇಡತ್ತಿಯ ಹೆಸರು ಎಲ್ಲೂ ಬರಲಿಲ್ಲ.

ಇನ್ನು ಮುಂದಿನದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಒಂದು ಭಾನುವಾರ ಚೇಡತ್ತಿ ಮಗನಿಗೆ, "ಜಠರದ ಹಿಂದೆ ನಾಲಿಗೆ ಹಾಗೆ ಮಲಗಿರುತ್ತಲ್ಲ ಬೆಳ್ಳನೆ ಮಾಂಸ, ಅದನ್ನ ನಾಯಿಗೆ ಹಾಕ್ಬೇಡ, ನನಗೆ ತಂದುಕೊಡು" ಎಂದರು. ಅವಿರಾ ಅಮ್ಮನನ್ನು ಪ್ರಶ್ನೆ ಕೇಳಿ ಅಭ್ಯಾಸವಿಲ್ಲದವನು, ತಂದುಕೊಟ್ಟ. ಕಂಪನಿಯವರ ಹಂದಿ ಏನು ತಿಂದಿತ್ತೋ ಯಾರಿಗೆ ಗೊತ್ತು, ನಮ್ಮದು ಹಲಸಿನ ಹಣ್ಣು, ಅಕ್ಕಚ್ಚು ತಿಂದು ಬೆಳೆದದ್ದು ಎಂಬುದು ಚೇಡತ್ತಿಯ ಲೆಕ್ಕ. ಗ್ರಂಥಿಯನ್ನು ಅರಿಶಿನ ಹಚ್ಚಿ ತೊಳೆದು, ತೆಂಗಿನಕಾಯಿ ಚೂರು, ಸಣ್ಣ ಈರುಳ್ಳಿ, ಕರಿಬೇವು, ಕುಟ್ಟಿದ ಕರಿಮೆಣಸು ಹಾಕಿ, ಎಣ್ಣೆ ಬಿಡುವವರೆಗೆ ಹುರಿದರು. ಲಿಸ್ಸಿ ಮನೆಯಲ್ಲಿಲ್ಲದಾಗ ಮೊಮ್ಮಗಳ ಬಾಯಿಗಿಟ್ಟರು.

"ಇದೇ ಮದ್ದು ಮೋಳೇ, ನನ್ನ ಮಗಳೇ. ಅವರು ಒಣಗಿಸಿ ಪುಡಿ ಮಾಡಿ ಕೊಡ್ತಾರೆ, ನಾನು ತಾಜಾ ಕೊಡ್ತೀನಿ. ನಿನ್ನಮ್ಮನಿಗೆ ಹೇಳ್ಬೇಡ, ಪುಸ್ತಕ ತರ್ತಾಳೆ."

ಮೆರಿನ್ ಸಂತ ಗೀವರ್ಗೀಸನ ಮೇಲೆ ಆಣೆ ಇಟ್ಟಳು. ಗುಳಿಗೆಗಳು ಚೇಡತ್ತಿಯ ಮರದ ಪೆಟ್ಟಿಗೆಯೊಳಗೆ ಹೋದವು. ಬಿಸಾಡುವ ಸ್ವಭಾವ ಅವರದಲ್ಲ, ಮಾಂಸ ಸಿಗದ ವಾರಕ್ಕೆ ಇರಲಿ ಎಂದು. ನನಗೂ ಒಂದು ಸಲ, ಏನೆಂದು ಹೇಳದೆ, ಬಾಳೆಯೆಲೆಯಲ್ಲಿ ಆ ಹುರಿದದ್ದು ಬಂದಿತ್ತು. ರುಚಿಯ ವಿಷಯದಲ್ಲಿ ನಾನು ಚೇಡತ್ತಿಯ ಮೇಲೆ ಇವತ್ತಿಗೂ ಒಂದು ಮಾತು ಆಡಲಾರೆ.

ಕ್ರಿಸ್‌ಮಸ್ ಹತ್ತಿರವಾಗುವಷ್ಟರಲ್ಲಿ ಕೆನ್ನೆ ಮತ್ತೆ ಇಳಿಯಿತು. ಎಣ್ಣೆ ಮತ್ತೆ ತೇಲಿತು. ನೋವು ಬಂದರೆ ಮೊದಲಿಗಿಂತ ಜಾಸ್ತಿ ಹೊತ್ತು ನಿಲ್ಲುತ್ತಿತ್ತು. ಚೇಡತ್ತಿ ಹುರಿಯುವುದನ್ನು ಇನ್ನೂ ಹೆಚ್ಚಿಸಿದರು, ಮದ್ದು ಸಾಲುತ್ತಿಲ್ಲ ಎಂದು. ಒಂದು ಬೆಳಿಗ್ಗೆ ಹುಡುಗಿ ಹಳದಿ ವಾಂತಿ ಮಾಡಿಕೊಂಡು ನೆಟ್ಟಗೆ ನಿಲ್ಲಲಾರದೆ ಹೋದಾಗ ಅದೇ ಜೀಪು, ಅದೇ ಗುಡ್ಡ, ಅದೇ ಆಸ್ಪತ್ರೆ.

ಹುಡುಗಿಯನ್ನು ವಾರ್ಡಿಗೆ ಸೇರಿಸಿಕೊಂಡರು. ಸ್ಕ್ಯಾನ್ ನೋಡಿ, ತೂಕ ನೋಡಿ ಡಾಕ್ಟರ್ ಸತ್ಯಭಾಮಾ ಹುಬ್ಬು ಗಂಟಿಕ್ಕಿದರು. "ಇಷ್ಟು ತಿಂಗಳು ಗುಳಿಗೆ ತಗೊಂಡೂ ಹೀಗಾದ್ರೆ ಮದ್ದಿನಿಂದ ಇನ್ನು ಪ್ರಯೋಜನ ಇಲ್ಲ. ಸರ್ಜನ್ ಹತ್ತಿರ ಮಾತಾಡ್ತೀನಿ. ಹೊಟ್ಟೆ ತೆರೆದು, ಗ್ರಂಥಿಯ ನಾಳ ಉದ್ದಕ್ಕೆ ಸೀಳಿ, ಕರುಳಿಗೆ ಹೊಲೀಬೇಕಾಗುತ್ತೆ. ದೊಡ್ಡ ಆಪರೇಷನ್ನೇ."

ಊರಿನ ಅರ್ಧ ಹಂದಿಗಳನ್ನು ಕೊಯ್ದ ಚೇಡತ್ತಿ, 'ಸೀಳಿ' ಎಂಬ ಮಾತು ಕೇಳಿ ಗೋಡೆ ಹಿಡಿದುಕೊಂಡರು. ಒಂದು ಹೊಟ್ಟೆಯನ್ನು ಹೇಗೆ ತೆರೆಯುತ್ತಾರೆ, ತೆರೆದ ಮೇಲೆ ಹೇಗೆ ಕಾಣುತ್ತದೆ ಎಂದು ಅಲ್ಲಿದ್ದವರಲ್ಲಿ ಡಾಕ್ಟರನ್ನು ಬಿಟ್ಟರೆ ಅವರಿಗೇ ಚೆನ್ನಾಗಿ ಗೊತ್ತಿತ್ತು.

ಮರುದಿನ ಗಂಜಿಯ ಪಾತ್ರೆ ಹಿಡಿದು ಚೇಡತ್ತಿಯೊಬ್ಬರೇ ಜೀಪು ಹತ್ತಿದರು. ಅವಿರಾ, ಲಿಸ್ಸಿ ಆಸ್ಪತ್ರೆಯಲ್ಲೇ ಇದ್ದರು. ಆವತ್ತು ಸರ್ಜನ್ನಿಗೆ ದಿನ ಗೊತ್ತುಮಾಡಿ ಹೇಳಬೇಕಿತ್ತು. ಇಗರ್ಜಿಯ ಹತ್ತಿರ ಬಂದಾಗ, "ನಿಲ್ಸೋ ವರ್ಕಿ, ಕುಂಬಸಾರಕ್ಕೆ ಕೂತು ಬರ್ತೀನಿ" ಎಂದು ಇಳಿದರು. ಪಾಪ ಒಪ್ಪಿಸುವ ಕೆಲಸ ಅವರಿಗೆ ಎಂದೂ ಹೊತ್ತು ತೆಗೆದುಕೊಂಡದ್ದಲ್ಲ, ಯಾಕೆಂದರೆ ಸಾಮಾನ್ಯವಾಗಿ ಅವರು ಒಪ್ಪಿಸುತ್ತಿದ್ದದ್ದು ಲಿಸ್ಸಿಯ ಪಾಪಗಳನ್ನು. ಆವತ್ತು ಬಹಳ ಹೊತ್ತಾದರೂ ಬರಲಿಲ್ಲ. ಗಂಜಿ ಆರುತ್ತದಲ್ಲ ಎಂದು ಕರೆಯಲು ಒಳಗೆ ಹೋದೆ.

ನಾನು ಕದ್ದು ಕೇಳಲಿಲ್ಲ, ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ. ಚೇಡತ್ತಿಗೆ ಕಿವಿ ಸ್ವಲ್ಪ ಮಂದ. ಅವರ ಪಿಸುಮಾತು ಎಂದರೆ ಕಡೆಯ ಬೆಂಚಿನವರಿಗೂ ಸ್ಪಷ್ಟ. ಇಗರ್ಜಿಯಲ್ಲಿ ಬೇರೆ ಯಾರೂ ಇರಲಿಲ್ಲ, ಅದೇ ಪುಣ್ಯ.

"...ಹಾಗಾಗಿ ಪಾದ್ರಿ ಅಚ್ಚಾ, ಗುಳಿಗೆ ಎಲ್ಲಾ ಪೆಟ್ಟಿಗೇಲಿದೆ. ಮಾಂಸಾನೇ ಕೊಟ್ಟೆ. ಈಗ ಕೊಯ್ತಾರಂತೆ."

ಜಾಲರಿಯ ಆಚೆಯಿಂದ ಪಾದ್ರಿಯ ಕೆಮ್ಮು. ಆಮೇಲೆ ಮಾತು. "ಚೇಡತ್ತೀ, ಇದನ್ನ ಡಾಕ್ಟರಿಗೆ ಹೇಳಿದ್ರಾ?"

"ದೇವರಿಗೇ ಹೇಳ್ತಿದೀನಲ್ಲ, ಡಾಕ್ಟರಿಗ್ಯಾಕೆ? ಪ್ರಾಯಶ್ಚಿತ್ತ ಕೊಟ್ಬಿಡಿ. ದಿನಕ್ಕೆ ಹತ್ತು ಜಪಮಾಲೆ ಹೇಳಲಾ?"

"ಬೇಡ."

"ಮಲಯಾಟ್ಟೂರು ಗುಡ್ಡ ಮೊಣಕಾಲಲ್ಲಿ ಹತ್ತಲಾ?"

"ಗುಡ್ಡ ಬೇಡ. ಆಸ್ಪತ್ರೆ ಮೆಟ್ಟಿಲು ಹತ್ತಿ. ಕಾಲಲ್ಲೇ."

"ಲಿಸ್ಸಿ ಇರ್ತಾಳೆ ಅಚ್ಚಾ ಅಲ್ಲಿ!" ಎಂದರು ಚೇಡತ್ತಿ. ನರಕದಲ್ಲಿ ಬೆಂಕಿ ಇರುತ್ತದೆ ಎಂದು ಹೇಳಿದ ಹಾಗಿತ್ತು. "ಸಾಯೋವರೆಗೂ ಎತ್ತಾಡ್ತಾಳೆ. ಅಡುಗೆಮನೆ ಹೋಯ್ತು, ಮರ್ಯಾದೆ ಹೋಯ್ತು. ಮಗೂಗೆ ನಾನು ಒಂದು ತುತ್ತು ಕೊಡೋಕೂ ಬಿಡಲ್ಲ."

"ಮಗೂನೇ ಇಲ್ಲದಿದ್ರೆ ತುತ್ತು ಯಾರಿಗೆ ಕೊಡ್ತೀರಿ?" ಎಂದರು ಪಾದ್ರಿ. ಈ ಸಲ ಕೆಮ್ಮಲಿಲ್ಲ.

ಜೀಪು ಹತ್ತಿದ ಚೇಡತ್ತಿ, "ಮನೆಗೆ ಒಂದು ಸಲ ತಿರುಗಿಸು" ಎಂದರು. ಒಳಗೆ ಹೋಗಿ ಏನನ್ನೋ ಮುಂಡಿನ ಅಂಚಿಗೆ ಗಂಟು ಹಾಕಿಕೊಂಡು ಬಂದರು. ದಾರಿಯಲ್ಲಿ ನಾನೇ ಬಾಯಿಬಿಟ್ಟೆ. "ಚೇಡತ್ತೀ, ಕೋಪ ಮಾಡ್ಕೋಬೇಡಿ. ನೀವು ಹೇಳದಿದ್ರೆ ನಾನು ಹೇಳ್ತೀನಿ."

"ನೀನು ಗೇರು ಹಾಕೋದು ಕಲಿ ಮೊದಲು" ಎಂದು ಅವರು ಕಿಟಕಿಯಾಚೆ ಮುಖ ತಿರುಗಿಸಿದರು. ಆ ಮುಖ ಒದ್ದೆಯಾಗಿತ್ತು. ನಾನು ಗೇರನ್ನು ಸರಿಯಾಗಿಯೇ ಹಾಕಿದ್ದೆ.

ಡಾಕ್ಟರನ್ನು ಒಬ್ಬರನ್ನೇ ಹಿಡಿದು ಗುಟ್ಟಾಗಿ ಹೇಳಬೇಕೆಂದು ಅವರ ಮನಸ್ಸಿನಲ್ಲಿತ್ತೋ ಏನೋ. ನಾವು ಹೋಗುವಷ್ಟರಲ್ಲಿ ಕೋಣೆ ತುಂಬಿತ್ತು. ಅವಿರಾ ಗೋಡೆಗೆ ಒರಗಿದ್ದ. ಲಿಸ್ಸಿ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಮೆರಿನ್ ತಲೆದಿಂಬು ತಬ್ಬಿ ಮುದುಡಿದ್ದಳು. ಡಾಕ್ಟರ್ ಸತ್ಯಭಾಮಾ ಒಂದು ರಿಪೋರ್ಟನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು.

"ಇದು ಕಕ್ಕಸಿನ ರಿಪೋರ್ಟ್. ತಿಂದ ಕೊಬ್ಬೆಲ್ಲ ಹಾಗೇ ಇದೆ. ಗುಳಿಗೆ ತಗೊಳ್ಳೋ ಮಗುವಿಂದು ಹೀಗಿರಬಾರದು." ಅವರು ಹುಡುಗಿಯ ಎದುರು ಬಗ್ಗಿದರು. "ಮೆರಿನ್, ನನ್ನ ನೋಡಿ ಹೇಳು. ಗುಳಿಗೆ ನುಂಗ್ತೀಯಾ?"

ಮೆರಿನ್ ಡಾಕ್ಟರನ್ನು ನೋಡಲಿಲ್ಲ. ಬಾಗಿಲಲ್ಲಿ ನಿಂತ ಅಜ್ಜಿಯನ್ನು ನೋಡಿದಳು. ಚೇಡತ್ತಿಯ ಕೈ ಮುಂಡಿನ ಗಂಟಿನ ಮೇಲೆ ಹೋಯಿತು.

"ಇಲ್ಲ" ಎಂದಳು ಮೆರಿನ್. "ಕಹಿ ಅಂತ ಬಾಯಲ್ಲಿ ಇಟ್ಕೊಂಡು, ಅಮ್ಮಚ್ಚಿ ಆಚೆ ಹೋದ ಮೇಲೆ ಕಿಟಕಿಯಿಂದ ಉಗೀತಿದ್ದೆ. ಅಮ್ಮಚ್ಚಿಗೆ ಗೊತ್ತಿಲ್ಲ."

ಲಿಸ್ಸಿಯ ಮುಖ ಕೆಂಪಾಯಿತು. ಎಷ್ಟು ತಿಂಗಳ ಹೆದರಿಕೆ, ಎಷ್ಟು ನಿದ್ದೆಗೇಡು, ಎಲ್ಲ ಅವಳ ಕೈಗೆ ಬಂತು. "ನಿನ್ನನ್ನ ಕೊಯ್ಯೋಕೆ ದಿನ ಇಡ್ತಿದಾರಲ್ಲೇ, ಕೀಟಲೆ ಮಾಡೋದಕ್ಕೂ ಒಂದು ಮಿತಿ ಬೇಡ್ವಾ!" ಎಂದು ಕೈ ಎತ್ತಿದಳು. ಮೆರಿನ್ ತಪ್ಪಿಸಿಕೊಳ್ಳಲಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿ ಕೆನ್ನೆ ಕೊಟ್ಟು ಕೂತಳು.

"ಇಳಿಸು ಕೈ" ಎಂದರು ಚೇಡತ್ತಿ. "ನಾನು ಕೊಟ್ಟಿಲ್ಲ ಗುಳಿಗೆ. ಬದಲಿಗೆ ಹಂದೀದೇ ಆ ಮಾಂಸ ಹುರಿದು ಕೊಟ್ಟೆ."

"ಇಲ್ಲ ಡಾಕ್ಟರೇ, ಅಮ್ಮಚ್ಚಿ ಸುಳ್ಳು ಹೇಳ್ತಿದಾಳೆ!" ಮೆರಿನ್ ಕಿರುಚಿದಳು. "ನಾನೇ ಉಗಿದಿದ್ದು!"

"ಮುಚ್ಚೇ ಬಾಯಿ. ಹುರಿದೋಳು ನಾನು, ಹೆಸರು ನಿನಗಾ?" ಎನ್ನುತ್ತ ಚೇಡತ್ತಿ ಮೇಜಿನ ಹತ್ತಿರ ಬಂದು ಮುಂಡಿನ ಗಂಟು ಬಿಚ್ಚಿದರು. ಗುಳಿಗೆಗಳು ಡಾಕ್ಟರ ಮೇಜಿನ ಮೇಲೆ ಉದುರಿ, ಉರುಳಿ, ಕೆಲವು ಕುರ್ಚಿಯ ಕೆಳಗೂ ಓಡಿದವು. "ಉಗಿದಿದ್ರೆ ಇವೆಲ್ಲಿಂದ ಬಂದ್ವು, ಹೇಳು."

ಡಾಕ್ಟರು ಗುಳಿಗೆಗಳನ್ನೂ ಚೇಡತ್ತಿಯನ್ನೂ ನೋಡಿದರು. "ಆ ಗ್ರಂಥಿಯನ್ನ ಬೇಯಿಸಿ ಕೊಟ್ರಾ?"

"ಹಸೀದು ತಿನ್ನೋಕೆ ನಾವೇನು ನಾಯಿಗಳಾ? ಚೆನ್ನಾಗಿ ಹುರಿದೇ ಕೊಟ್ಟಿದ್ದು."

"ಅಮ್ಮಚ್ಚೀ, ಬೇಯಿಸಿದ ಮೊಟ್ಟೆಗೆ ಕೋಳಿ ಕಾವು ಕೂತ್ರೆ ಮರಿ ಆಗುತ್ತಾ?"

ಕೋಳಿ ಸಾಕಿದ ಚೇಡತ್ತಿಗೆ ಆ ಮಾತನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಇಲ್ಲ" ಎಂದರು. "ಸತ್ತುಹೋಗಿರುತ್ತೆ."

"ಅದೇ ಆಗಿದ್ದು. ಹುರಿದ ಮೇಲೆ ಅದರ ಕೆಲಸ ಸತ್ತಿತು. ಉಳಿದಿದ್ದು ಎಣ್ಣೆ. ಆ ಎಣ್ಣೆ ಈ ಮಗುವಿಗೆ ನೋವು."

ಚೇಡತ್ತಿ ಗುಳಿಗೆಗಳನ್ನು ಡಾಕ್ಟರ ಕಡೆ ಸರಿಸಿದರು. "ಹಾಗಾದ್ರೆ ತಪ್ಪು ನಂದೇ" ಎಂದರು. ಅವಿರಾ ಗೋಡೆಯಿಂದ ಬೆನ್ನು ತೆಗೆದು ನೆಟ್ಟಗಾದ. ಹುಟ್ಟಿದಂದಿನಿಂದ ಆ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ. "ಅವನದಲ್ಲ, ಇವಳದಲ್ಲ, ಮಗುವಿಂದಲ್ಲ. ನಂದು. ಕೊಯ್ಬೇಡಿ ಡಾಕ್ಟರೇ. ಬೇಕಿದ್ರೆ ಇನ್ನು ಅಡುಗೆಮನೆಗೆ ಕಾಲಿಡಲ್ಲ. ಕೊಯ್ಬೇಡಿ."

ಡಾಕ್ಟರ್ ಸತ್ಯಭಾಮಾ ಬೈದರು. ಸಣ್ಣ ಬೈಗುಳವಲ್ಲ. ಇಂಥ ಅಜ್ಜಿಯರಿಂದ ತಮಗೆ ಎಷ್ಟು ಮಕ್ಕಳು ತಡವಾಗಿ ಸಿಕ್ಕಿವೆ ಎಂಬುದನ್ನೂ ಸೇರಿಸಿ ಬೈದರು. ಚೇಡತ್ತಿ ಮೊದಲ ಸಲ ಎದುರು ಮಾತಾಡದೆ ಕೇಳಿದರು. ಆಮೇಲೆ ಡಾಕ್ಟರು ಫೋನೆತ್ತಿ ಸರ್ಜನ್ನಿಗೆ ದಿನ ಬೇಡವೆಂದರು. "ಮುಂದೆ ಯಾವತ್ತಾದ್ರೂ ಆಪರೇಷನ್ ಬೇಕಾಗಬಹುದು, ಇಲ್ಲ ಅನ್ನಲ್ಲ. ಕಲ್ಲಿದೆ, ಇವಳನ್ನ ಕೊಚ್ಚಿಗೆ ಕಳಿಸಿ ಅದನ್ನ ಒಡೆಸೋದನ್ನೂ ನೋಡ್ಬೇಕು. ಈ ಕಾಯಿಲೆ ಪೂರ್ತಿ ಬಿಟ್ಟು ಹೋಗೋದಲ್ಲ. ಆದ್ರೆ ತಗೊಳ್ಳದೇ ಇದ್ದ ಮದ್ದು ಕೆಲಸ ಮಾಡಲಿಲ್ಲ ಅಂತ ನಾನು ಯಾರ ಹೊಟ್ಟೇನೂ ಕೊಯ್ಸಲ್ಲ. ಇವತ್ತಿಂದ ಗುಳಿಗೆ ಮತ್ತೆ ಶುರು."

ಲಿಸ್ಸಿ ಆಗ ಗೆದ್ದಿದ್ದಳು. ಇಷ್ಟು ವರ್ಷ ಕಾದ ಗೆಲುವು. ನಾನು ಬಾಗಿಲಲ್ಲಿ ನಿಂತು ಅವಳು ಏನು ಹೇಳುತ್ತಾಳೋ ಎಂದು ಕಾದೆ, ಒಳ್ಳೆಯ ಮಾತುಗಾರ್ತಿ ಅವಳು. ಆದರೆ ಅವಳು, "ನನ್ನ ಮಗು ಅಮ್ಮಚ್ಚೀ..." ಎಂದಳು, ಅಷ್ಟೇ. ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಿರಾ ಬಗ್ಗಿ ಕುರ್ಚಿಯ ಕೆಳಗಿನ ಗುಳಿಗೆಗಳನ್ನು ಹೆಕ್ಕತೊಡಗಿದ. ಯಾರನ್ನು ನೋಡುವುದೆಂದು ಅವನಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ, ನಾನೂ ಬಗ್ಗಿದೆ.

ಚೇಡತ್ತಿ ಮೆರಿನ್ನಳ ಕೈ ಹಿಡಿದು ವಾರ್ಡಿನ ಕಡೆ ನಡೆಸಿಕೊಂಡು ಹೋದರು. ಹುಡುಗಿಗೆ ಬೇಗ ನಡೆಯಲಾಗುತ್ತಿರಲಿಲ್ಲ, ಅಜ್ಜಿಯೂ ಆವತ್ತು ಅವಸರ ಮಾಡಲಿಲ್ಲ. ಗಂಜಿಯ ಪಾತ್ರೆ ಹಿಡಿದು ಹಿಂದೆ ಬರುತ್ತಿದ್ದ ನನಗೆ ಅವರ ಪಿಸುಮಾತು ಎಂದಿನಂತೆ ಸ್ಪಷ್ಟವಾಗಿ ಕೇಳಿಸಿತು.

"ಯಾಕೆ ಹೇಳ್ದೆ ಅಮ್ಮಚ್ಚೀ? ಒಂದು ಏಟು ತಾನೇ? ನಾನು ತಿಂದ್ಕೊಂಡು ಸುಮ್ನಿರ್ತಿದ್ದೆ."

ಚೇಡತ್ತಿ ನಿಂತರು. ನಡುದಾರಿಯಲ್ಲೇ ಕುಕ್ಕರಗಾಲಲ್ಲಿ ಕೂತು, ಮೊಮ್ಮಗಳ ಹೊಟ್ಟೆಯ ಮೇಲೆ ಅಂಗೈ ಇಟ್ಟರು.

"ಇಲ್ಲಿರೋ ನೋವೇ ನಿನಗೆ ಸಾಕಷ್ಟಾಗಿದೆ ಮೋಳೇ" ಎಂದರು. "ನನ್ನ ಪಾಲಿನದನ್ನೂ ನೀನ್ಯಾಕೆ ತಿಂತೀಯ?"